ರೈಲು ಹತ್ತಿಸಿದ ಮಕ್ಕಳು, ತಾನಾಗಿ ಹೊರಟ ಹುಡುಗ

ನಮ್ಮ ತಂದೆ ತಮ್ಮ ಬಾಲ್ಯದ ಮಾತನ್ನು ಎತ್ತುತ್ತಿದ್ದುದೇ ಅಪರೂಪ. ಎತ್ತಿದಾಗಲೆಲ್ಲ ಎರಡು ಮಾತುಗಳನ್ನು ತಪ್ಪದೆ ಆಡುತ್ತಿದ್ದರು. “ನನ್ನನ್ನು ಮೈಸೂರಿನಲ್ಲಿ ಬಿಟ್ಟರು” ಎಂಬುದು ಒಂದು. “ಆಮೇಲೆ ನಾನು ಬೆಂಗಳೂರಿಗೆ ಹೊರಟೆ” ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವಾಗ ದನಿ ತಗ್ಗುತ್ತಿತ್ತು. ಎರಡನೆಯದನ್ನು ಹೇಳುವಾಗ, ಕುರ್ಚಿಯಲ್ಲಿ ಒರಗಿ ಕೂತಿದ್ದವರು ನೆಟ್ಟಗಾಗುತ್ತಿದ್ದರು.

ಬಿಟ್ಟವರು ಸೋದರಮಾವ. ಆಗ ನಮ್ಮ ತಂದೆಗೆ ಒಂಬತ್ತು ವರ್ಷ. ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು. ತಾಯಿ ತವರಿನ ಅಡಿಗೆಮನೆ ಸೇರಿದ್ದರು. ಹುಡುಗನಿಗೆ ವಿದ್ಯೆ ಬೇಕು, ಊಟಕ್ಕೆ ದಾರಿಯಿಲ್ಲ. ಆ ಕಾಲದ ಅನೇಕ ಬಡ ಹುಡುಗರಂತೆ ಅವರಿಗೂ ವಾರಾನ್ನವೇ ಗತಿಯಾಯಿತು. ಏಳು ದಿನಕ್ಕೆ ಏಳು ಮನೆ. ಆ ಮನೆಗಳ ಯಜಮಾನರ ಹೆಸರು ಕೊನೆಕೊನೆಗೆ ಅವರಿಗೆ ಮರೆತುಹೋಗಿತ್ತು. “ಸೋಮವಾರದ ಮನೆ”, “ಶನಿವಾರದ ಮನೆ” ಎಂದೇ ಹೇಳುತ್ತಿದ್ದರು. ಗುರುವಾರದ ಮನೆಯವರಿಗೆ ನಡುವೆ ವರ್ಗವಾಯಿತು. ಬೇರೆ ಮನೆ ಸಿಕ್ಕಲಿಲ್ಲ. ಎರಡು ವರ್ಷ ಗುರುವಾರವೆಂದರೆ ಕಡಲೆಪುರಿ, ನಲ್ಲಿಯ ನೀರು.

ಈ ಮಾತೆಲ್ಲ ಈಗ ನೆನಪಾಗಲು ಒಂದು ಚಲಚ್ಚಿತ್ರ ಕಾರಣ. ಕಳೆದ ಮಳೆಗಾಲದಲ್ಲಿ, ಗೆಳೆಯರೊಬ್ಬರ ಮನೆಯಲ್ಲಿ ‘ದಿ ಸೈಡರ್ ಹೌಸ್ ರೂಲ್ಸ್’ ಎಂಬ ಅಮೆರಿಕದ ಚಿತ್ರವನ್ನು ನೋಡಿದೆ. 1999ರಲ್ಲಿ ಬಂದ ಚಿತ್ರ. ಸ್ವೀಡನ್ನಿನ ಲಾಸ್ ಹಾಲ್‌ಸ್ಟ್ರಾಮ್ ಅದರ ನಿರ್ದೇಶಕರು. ಕಾದಂಬರಿಕಾರ ಜಾನ್ ಅರ್ವಿಂಗ್ 1985ರಲ್ಲಿ ಬರೆದ ತಮ್ಮ ಕಾದಂಬರಿಯನ್ನು ತಾವೇ ಚಿತ್ರಕಥೆಯಾಗಿ ಇಳಿಸಿ ಆಸ್ಕರ್ ಪಡೆದರು. ಅದರಲ್ಲಿ ವೃದ್ಧ ವೈದ್ಯರಾಗಿ ನಟಿಸಿದ ಮೈಕಲ್ ಕೇನ್ ಅವರಿಗೂ ಒಂದು ಆಸ್ಕರ್ ಬಂತು. ಕಥೆಯ ನಾಯಕ ಹೋಮರ್ ವೆಲ್ಸ್ ಅನಾಥ. ಕಥೆ ನಡೆಯುವುದು 1943ರ ಸುಮಾರಿಗೆ. ಲೆಕ್ಕ ಹಾಕಿ ನೋಡಿದರೆ ಹೋಮರನೂ ನಮ್ಮ ತಂದೆಯೂ ಓರಗೆಯವರು.

ಕಥೆ ಸರಳವಾದದ್ದು. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ಸಂಸ್ಥಾನದ ಹಿಮ ಸುರಿಯುವ ಒಂದು ಹಳ್ಳಿ, ಅಲ್ಲೊಂದು ಅನಾಥಾಲಯ. ಹೋಮರ್ ಹುಟ್ಟಿದ್ದು ಅಲ್ಲಿಯೇ. ಎರಡು ಸಲ ಅವನನ್ನು ದತ್ತು ಕೊಟ್ಟರು. ಎರಡು ಸಲವೂ ಹಿಂದಕ್ಕೆ ಬಂದ. ಮೊದಲ ಮನೆಯವರ ದೂರು, ಮಗು ಅಳುವುದೇ ಇಲ್ಲ ಎಂಬುದು. ಎರಡನೆಯ ಮನೆಯವರು ಅವನನ್ನು ಅಳುವಂತೆ ಹೊಡೆದರು. ಕೊನೆಗೆ ಅನಾಥಾಲಯದ ಡಾಕ್ಟರ್ ಲಾರ್ಚ್ ಅವನನ್ನು ತಮ್ಮ ಬಳಿಯಲ್ಲಿಯೇ ಇಟ್ಟುಕೊಂಡು ಹೆರಿಗೆ ವೈದ್ಯವನ್ನು ಕೈಹಿಡಿದು ಕಲಿಸಿದರು. ಹುಡುಗ ಶಾಲೆಯ ಮೆಟ್ಟಲು ಹತ್ತದೆಯೇ ಒಳ್ಳೆಯ ವೈದ್ಯನಾದ. ಆದರೆ ಒಂದು ದಿನ, ಅಲ್ಲಿಗೆ ಬಂದ ಒಬ್ಬ ತರುಣ ಮತ್ತು ಅವನ ಪ್ರೇಯಸಿಯ ಜೊತೆಯಲ್ಲಿ ಅವರ ಕಾರು ಹತ್ತಿ ಹೊರಟುಬಿಟ್ಟ. ಎಲ್ಲಿಗೆ, ಏತಕ್ಕೆ ಎಂದು ಅವನಿಗೇ ಗೊತ್ತಿಲ್ಲ. ಅವನು ಸಮುದ್ರವನ್ನೇ ಕಂಡವನಲ್ಲ. ಮುದುಕ ಡಾಕ್ಟರಿಗೆ ಮಗ ಮನೆ ಬಿಟ್ಟು ಹೋದಷ್ಟೇ ದುಃಖವಾಯಿತು.

ಮನೆ ಬಿಟ್ಟು ಹೊರಡುವ ಹುಡುಗನ ಕಥೆಗಳಿಗೆ ಲೋಕದಲ್ಲಿ ಬರವಿಲ್ಲ. ಹಾಗಿದ್ದರೆ ಇದರಲ್ಲಿ ವಿಶೇಷವೇನು ಎಂದು ಓದುಗರು ಕೇಳಬಹುದು. ಅದು ತಿಳಿಯಬೇಕಾದರೆ ಹೋಮರನಿಗಿಂತ ಮೊದಲು ಆ ದೇಶದ ಅನಾಥ ಮಕ್ಕಳು ಹೇಗೆ ಮನೆ ಬಿಡುತ್ತಿದ್ದರು ಎಂಬುದನ್ನು ಸ್ವಲ್ಪ ನೋಡಬೇಕು. ಅವರು ಹೊರಡುತ್ತಿರಲಿಲ್ಲ; ಅವರನ್ನು ಕಳುಹಿಸುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ನ್ಯೂಯಾರ್ಕಿನ ಬೀದಿಗಳು ಮಕ್ಕಳಿಂದ ತುಂಬಿದ್ದವು. ಐರ್ಲೆಂಡಿನ ಕ್ಷಾಮದಿಂದ, ಜರ್ಮನಿಯ ಬಡತನದಿಂದ ತಪ್ಪಿಸಿಕೊಂಡು ಬಂದವರ ಮಕ್ಕಳು ಪತ್ರಿಕೆ ಮಾರುತ್ತ, ಬೆಂಕಿಪೊಟ್ಟಣ ಮಾರುತ್ತ, ಮೆಟ್ಟಲುಗಳ ಕೆಳಗೆ ಮಲಗುತ್ತ ಬದುಕುತ್ತಿದ್ದರು. ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ತರುಣ ಪಾದ್ರಿ 1853ರಲ್ಲಿ ಅಲ್ಲಿ ‘ಚಿಲ್ಡ್ರನ್ಸ್ ಏಯ್ಡ್ ಸೊಸೈಟಿ’ಯನ್ನು ಸ್ಥಾಪಿಸಿದರು. ದೊಡ್ಡ ಕಟ್ಟಡಗಳಲ್ಲಿ ಮಕ್ಕಳನ್ನು ಕೂಡಿಹಾಕುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಮಗುವಿಗೆ ಬೇಕಾದದ್ದು ಮನೆ, ಅದರಲ್ಲೂ ಹಳ್ಳಿಯ ರೈತನ ಮನೆ ಎಂಬುದು ಅವರ ನಂಬಿಕೆ. 1854ರಲ್ಲಿ ಮೊದಲ ತಂಡ, ಸುಮಾರು 45 ಮಕ್ಕಳು, ಮಿಶಿಗನ್ ಸಂಸ್ಥಾನದ ಡೊವಾಜಿಯಾಕ್ ಎಂಬ ಸಣ್ಣ ಊರಿಗೆ ಹೋಗಿ ಇಳಿಯಿತು. ಅಲ್ಲಿಂದ 1929ರವರೆಗೆ, ಮುಕ್ಕಾಲು ಶತಮಾನ ಕಾಲ ಈ ಮಕ್ಕಳ ರೈಲುಗಳು ಓಡಿದವು. ಹೀಗೆ ಹೋದ ಮಕ್ಕಳ ಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು ಎಂದು ಅಂದಾಜು.

ಊರಿಗೆ ಮಕ್ಕಳು ಬರುವ ಸುದ್ದಿ ಮುಂಚೆಯೇ ಹರಡಿರುತ್ತಿತ್ತು. ಇಳಿದ ಮಕ್ಕಳ ಮುಖ ತೊಳೆಸಿ, ಶುಭ್ರವಾದ ಬಟ್ಟೆ ತೊಡಿಸಿ, ಇಗರ್ಜಿಯಲ್ಲಿಯೋ ನಾಟಕಶಾಲೆಯಲ್ಲಿಯೋ ಸಾಲಾಗಿ ನಿಲ್ಲಿಸುತ್ತಿದ್ದರು. ಊರಿನವರು ಬಂದು ನೋಡಿ, ಮಾತಾಡಿಸಿ, ಕೆಲವರು ತೋಳನ್ನು ಅಮುಕಿ ಶಕ್ತಿ ಪರೀಕ್ಷಿಸಿ, ಬೇಕಾದವರನ್ನು ಆರಿಸಿಕೊಳ್ಳುತ್ತಿದ್ದರು. ಅಣ್ಣ ಒಂದು ಮನೆಗೆ, ತಂಗಿ ಒಂದು ಮನೆಗೆ. ಉಳಿದವರು ಮತ್ತೆ ರೈಲು ಹತ್ತಿ ಮುಂದಿನ ಊರಿಗೆ.

ಇದನ್ನು ಬರಿಯ ಕ್ರೌರ್ಯವೆಂದು ತಳ್ಳಿಹಾಕುವಂತಿಲ್ಲ. 1859ರಲ್ಲಿ ಇಂಡಿಯಾನಾ ಸಂಸ್ಥಾನಕ್ಕೆ ರೈಲಿನಲ್ಲಿ ಹೋದ ಹುಡುಗರಲ್ಲಿ ಆಂಡ್ರೂ ಬರ್ಕ್ ಮತ್ತು ಜಾನ್ ಬ್ರೇಡಿ ಎಂಬಿಬ್ಬರಿದ್ದರು. ಮುಂದೆ ಬರ್ಕ್ ನಾರ್ತ್ ಡಕೋಟದ ಗವರ್ನರ್ ಆದರು, ಬ್ರೇಡಿ ಅಲಾಸ್ಕದ ಗವರ್ನರ್ ಆದರು. ಮನೆಮಕ್ಕಳಂತೆ ಬೆಳೆದವರೂ ಇದ್ದರು, ಕೊಟ್ಟಿಗೆಯಲ್ಲಿ ಮಲಗಿ ಸಂಬಳವಿಲ್ಲದ ಆಳುಗಳಾದವರೂ ಇದ್ದರು. ಎಲ್ಲರಿಗೂ ಸಮಾನವಾದದ್ದು ಒಂದೇ: ಹೋಗುತ್ತೀಯಾ ಎಂದು ಮಗುವನ್ನು ಕೇಳುವವರು ಅಪರೂಪ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ‘ಅನಾಥ’ರಲ್ಲಿ ಬಹುಮಂದಿ ನಾವು ತಿಳಿದಿರುವ ಅರ್ಥದಲ್ಲಿ ಅನಾಥರೇ ಅಲ್ಲ. ರೈಲು ಹತ್ತಿದವರಲ್ಲಿಯೂ ಅನಾಥಾಲಯಗಳನ್ನು ತುಂಬಿದವರಲ್ಲಿಯೂ ತಾಯಿಯೋ ತಂದೆಯೋ ಬದುಕಿದ್ದವರೇ ಹೆಚ್ಚು. ಗಂಡ ಸತ್ತ ಹೆಂಗಸು ಗಿರಣಿಗೆ ಹೋದರೆ ಮಗುವನ್ನು ನೋಡಿಕೊಳ್ಳುವವರಿಲ್ಲ. ಮಗುವನ್ನು ನೋಡಿಕೊಂಡರೆ ಅನ್ನವಿಲ್ಲ. ಇಂಥ ತಾಯಂದಿರೇ ಮಗುವನ್ನು ಅನಾಥಾಲಯದ ಬಾಗಿಲಿಗೆ ತಂದು ಬಿಡುತ್ತಿದ್ದರು. ಅನಾಥತನ ಹೀಗೆ ಸಾವಿನಿಂದ ಮಾತ್ರ ಬರುತ್ತಿರಲಿಲ್ಲ, ಬಡತನದಿಂದಲೂ ಬರುತ್ತಿತ್ತು. ತವರಿನ ಅಡಿಗೆಮನೆಯಲ್ಲಿದ್ದ ನಮ್ಮ ಅಜ್ಜಿ ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲವರಾಗಿದ್ದರು.

ಚಾರ್ಲಿ ಚಾಪ್ಲಿನ್ನರ ‘ದಿ ಕಿಡ್’ (1921) ಓದುಗರಿಗೆ ನೆನಪಿರಬಹುದು. ಹರಕು ಕೋಟಿನ ತಿರುಕ ಸಾಕಿಕೊಂಡ ಮಗುವನ್ನು ಅನಾಥಾಲಯದವರು ಲಾರಿಗೆ ಹಾಕಿಕೊಂಡು ಹೊರಡುತ್ತಾರೆ. ಮಗು ಕೈ ಚಾಚಿ ಅಳುತ್ತದೆ. ತಿರುಕ ಮಾಡುಗಳ ಮೇಲೆ ಓಡಿ ಬಂದು ಅದನ್ನು ಬಿಡಿಸಿಕೊಳ್ಳುತ್ತಾನೆ. ಚಾಪ್ಲಿನ್ ಸ್ವತಃ 1896ರಲ್ಲಿ, ಏಳರ ವಯಸ್ಸಿನಲ್ಲಿ, ತಾಯಿ ಬದುಕಿರುವಾಗಲೇ ಲಂಡನ್ನಿನ ಬಡವರ ದುಡಿಮೆಮನೆಯನ್ನು ಸೇರಿದವರು. ಅಲ್ಲಿಂದ ಅವರನ್ನು ಹಾನ್‌ವೆಲ್ಲಿನ ನಿರ್ಗತಿಕ ಮಕ್ಕಳ ಶಾಲೆಗೆ ಕಳುಹಿಸಿದರು. ಅವರಿಗೆ ಆ ದೃಶ್ಯದ ಅಳುವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಮೆರಿಕದಲ್ಲಿ ಈ ವ್ಯವಸ್ಥೆಯನ್ನು ಅಲುಗಾಡಿಸಿದವರಲ್ಲಿ ಒಬ್ಬರು ಅನಾಥಾಲಯದಲ್ಲಿಯೇ ಬೆಳೆದವರು ಎಂಬುದು ಸಂತೋಷದ ಸಂಗತಿ. ಅವರು ವಾಷಿಂಗ್ಟನ್ನಿನ ವಕೀಲ ಜೇಮ್ಸ್ ವೆಸ್ಟ್. ಅವರ ಒತ್ತಾಯದಿಂದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು 1909ರ ಜನವರಿಯಲ್ಲಿ ಒಂದು ಸಮ್ಮೇಳನವನ್ನು ಕರೆದರು. ಬಡತನವೊಂದೇ ಕಾರಣಕ್ಕೆ ಮಗುವನ್ನು ತಾಯಿಯಿಂದ ಬೇರ್ಪಡಿಸಬಾರದು ಎಂದು ಅಲ್ಲಿ ತೀರ್ಮಾನವಾಯಿತು. 1911ರಲ್ಲಿ ಇಲಿನಾಯ್ ಸಂಸ್ಥಾನ ಇಂಥ ತಾಯಂದಿರಿಗೆ ಮಾಸಾಶನ ಕೊಡುವ ಕಾನೂನು ಮಾಡಿತು. ಬೇರೆ ಸಂಸ್ಥಾನಗಳು ಹಿಂಬಾಲಿಸಿದವು. 1935ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರ ಸಾಮಾಜಿಕ ಭದ್ರತಾ ಕಾನೂನು ಬಂದು, ಆಸರೆಯಿಲ್ಲದ ಮಕ್ಕಳ ಪೋಷಣೆಗೆ ಒಕ್ಕೂಟದ ಸರ್ಕಾರವೇ ನೆರವು ನೀಡತೊಡಗಿತು. ಆಮೇಲೆ ಅನಾಥಾಲಯಗಳು ಒಂದೊಂದಾಗಿ ಬರಿದಾದವು. ಡಾಕ್ಟರ್ ಲಾರ್ಚರ ಸೋರುವ ಮನೆ ಆ ಯುಗದ ಕೊನೆಯ ದೀಪಗಳಲ್ಲಿ ಒಂದು ಎನ್ನಬಹುದು.

ಆ ಮನೆಯೊಳಗಿನ ಬದುಕನ್ನು ಚಿತ್ರ ಬಹು ನವುರಾಗಿ ತೋರಿಸುತ್ತದೆ. ದತ್ತು ಕೇಳಿಕೊಂಡು ಗಂಡಹೆಂಡಿರು ಬಂದರೆಂದರೆ ಮಕ್ಕಳು ತಲೆ ತೀಡಿಕೊಂಡು, ನಗು ತಂದುಕೊಂಡು ನಿಲ್ಲುತ್ತಾರೆ. ರೈಲು ಇಲ್ಲ, ಆದರೆ ಸಾಲು ಅದೇ. ತನ್ನನ್ನು ಯಾರೂ ಏಕೆ ಕೇಳುವುದಿಲ್ಲ ಎಂದು ಕೊರಗುವ ಒಬ್ಬ ಪುಟ್ಟ ಹುಡುಗನಿಗೆ ಡಾಕ್ಟರು, ನೀನು ಬಹಳ ಒಳ್ಳೆಯ ಹುಡುಗ, ಸಿಕ್ಕಸಿಕ್ಕವರಿಗೆ ನಿನ್ನನ್ನು ಕೊಡಲಾದೀತೆ ಎಂಬರ್ಥದ ಸಮಾಧಾನ ಹೇಳುತ್ತಾರೆ. ಉಸಿರಾಟದ ರೋಗದ ಇನ್ನೊಬ್ಬ ಹುಡುಗ ಒಂದು ರಾತ್ರಿ ತೀರಿಕೊಳ್ಳುತ್ತಾನೆ. ಅವನಿಗೆ ಒಳ್ಳೆಯ ಮನೆ ಸಿಕ್ಕಿತು, ರಾತ್ರಿಯೇ ಬಂದು ಕರೆದುಕೊಂಡು ಹೋದರು ಎಂದು ಉಳಿದ ಮಕ್ಕಳಿಗೆ ಹೇಳಲಾಗುತ್ತದೆ. ಮಕ್ಕಳು ಸಂತೋಷಪಡುತ್ತಾರೆ. ಇಡೀ ಚಿತ್ರದಲ್ಲಿ ನನ್ನ ಕಣ್ಣು ಒದ್ದೆಯಾದದ್ದು ಅಲ್ಲಿ.

ದತ್ತು ಎಂಬ ಮಾತು ಬಂದದ್ದರಿಂದ ನಮ್ಮ ಕಡೆಯ ಒಂದು ವಿಚಿತ್ರವನ್ನೂ ಹೇಳಬೇಕು. ದತ್ತು ಕೊಡುವಾಗ ಮಗುವಿನ ಹಿತವನ್ನು ನ್ಯಾಯಾಧೀಶ ವಿಚಾರಿಸಬೇಕೆಂಬ ಕಾನೂನು ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1851ರಲ್ಲಿಯೇ ಬಂತು. ನಮ್ಮ ಹಳೆಯ ಹಿಂದೂ ನ್ಯಾಯದಲ್ಲಿ ದತ್ತು ಕೊಡುವ ಅಧಿಕಾರ ತಂದೆತಾಯಿಗಳಿಗೆ ಮಾತ್ರ. ತಂದೆತಾಯಿ ಇಬ್ಬರೂ ಇಲ್ಲದ ಮಗುವನ್ನು ‘ಕೊಡು’ವವರೇ ಇಲ್ಲ, ಆದ್ದರಿಂದ, ಬೇರೆ ರೂಢಿಯಿದ್ದ ಕಡೆಗಳನ್ನು ಬಿಟ್ಟರೆ, ಅನಾಥನನ್ನು ದತ್ತು ತೆಗೆದುಕೊಳ್ಳುವಂತಿರಲಿಲ್ಲ! ಯಾರಿಗೆ ಮನೆ ಎಲ್ಲರಿಗಿಂತ ಹೆಚ್ಚು ಬೇಕೋ ಅವನಿಗೇ ಬಾಗಿಲು ಮುಚ್ಚಿತ್ತು. ಮುಂದೆ ದತ್ತಕದ ಕಾನೂನು ಬದಲಾದ ಮೇಲೆ, ನ್ಯಾಯಾಲಯದ ಅಪ್ಪಣೆ ಪಡೆದು ಪೋಷಕರು ಅಂಥ ಮಗುವನ್ನು ಕೊಡಬಹುದೆಂದಾಯಿತು. ಕಟ್ಟಳೆ ಬರೆದವರಲ್ಲಿ ಅನಾಥರು ಯಾರೂ ಇರಲಿಲ್ಲವೆಂದು ತೋರುತ್ತದೆ.

ಚಿತ್ರದ ಹೆಸರಿನ ಗುಟ್ಟೂ ಇದೇ. ಹೋಮರ್ ಹೋಗಿ ಸೇರುವುದು ಒಂದು ಸೇಬಿನ ತೋಟವನ್ನು. ಸೇಬನ್ನು ಅರೆದು ಹಿಂಡಿದ ರಸಕ್ಕೆ ಸೈಡರ್ ಎಂದು ಹೆಸರು. ಆ ರಸ ಹಿಂಡುವ ಮನೆಯಲ್ಲಿ ಸುಗ್ಗಿಗೆಂದು ಬರುವ ಕರಿಯ ಕೂಲಿಗಳು ವಾಸವಾಗಿರುತ್ತಾರೆ. ಗೋಡೆಗೆ ಕಟ್ಟಳೆಗಳ ಒಂದು ಕಾಗದ ಅಂಟಿಸಿದೆ: ಹಾಸಿಗೆಯಲ್ಲಿ ಬೀಡಿ ಸೇದಬೇಡಿ, ಮಾಡು ಹತ್ತಬೇಡಿ, ಇತ್ಯಾದಿ. ಕೂಲಿಗಳಲ್ಲಿ ಯಾರಿಗೂ ಓದು ಬಾರದು. ಹೋಮರ್ ಓದಿ ಹೇಳಿದಾಗ ಅವರು ನಕ್ಕುಬಿಡುತ್ತಾರೆ. ಈ ಮನೆಯಲ್ಲಿ ಬದುಕದವರು ಬರೆದದ್ದು ನಮಗೇಕೆ ಎಂಬುದು ಅವರ ಭಾವ. ಕೊನೆಗೆ ಆ ಕಾಗದ ಒಲೆಯ ಪಾಲಾಗುತ್ತದೆ.

ಇದು ಕಥೆಗಾರರ ಚಮತ್ಕಾರ ಮಾತ್ರವಲ್ಲ. ತಾಯಿಮಕ್ಕಳ ಪಾಲಿಗೆ ವರವಾಗಿ ಬಂದ 1935ರ ಅದೇ ಕಾನೂನು, ತನ್ನ ವೃದ್ಧಾಪ್ಯ ವಿಮೆಯಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗೆ ಇಟ್ಟಿತ್ತು. ಕರಿಯರಲ್ಲಿ ಬಹುಮಂದಿಯ ಜೀವನ ಈ ಎರಡು ಕೆಲಸಗಳಿಂದಲೇ ನಡೆಯುತ್ತಿತ್ತು. ರಸ ಹಿಂಡುವ ಮನೆಯವರು ನಕ್ಕದ್ದಕ್ಕೆ ಕಾರಣವಿತ್ತು.

ಇದಕ್ಕಿಂತ ಕಠಿನವಾದ ಇನ್ನೊಂದು ಕಟ್ಟಳೆಯ ಸುತ್ತ ಕಥೆಯೆಲ್ಲ ತಿರುಗುತ್ತದೆ. ಡಾಕ್ಟರ್ ಲಾರ್ಚರ ಬಳಿಗೆ ಬರುವ ಹೆಂಗಸರಲ್ಲಿ ಎರಡು ಬಗೆ. ಕೆಲವರು ಹೆತ್ತು, ಮಗುವನ್ನು ಬಿಟ್ಟು ಹೋಗುತ್ತಾರೆ; ಕೆಲವರು ಗರ್ಭವನ್ನು ತೆಗೆಸಿಕೊಂಡು ಹೋಗುತ್ತಾರೆ. ಎರಡನೆಯದು ಆಗ ಅಪರಾಧ. ಹೋಮರನನ್ನು ಕಾರಿನಲ್ಲಿ ಕರೆದೊಯ್ದ ಜೋಡಿ ಬಂದದ್ದೂ ಅದಕ್ಕಾಗಿಯೇ. ಕಾನೂನು ಬಾಗಿಲು ಮುಚ್ಚಿದ್ದರಿಂದ ಹೆಂಗಸರು ಕತ್ತಲೆಯ ಕೋಣೆಗಳಿಗೆ ಹೋಗಿ ಸಾಯುತ್ತಾರೆ ಎಂಬುದು ಡಾಕ್ಟರ ವಾದ. ಹೋಮರನದು ಬೇರೆ ವಾದ. ಅದನ್ನು ಮಾಡಿದ್ದರೆ ನಾನೇ ಹುಟ್ಟುತ್ತಿರಲಿಲ್ಲವಲ್ಲ ಎಂಬ ಅಳುಕು ಅವನಿಗೆ. ಅನಾಥನ ಬಾಯಲ್ಲಿ ಬರುವ ಈ ಅಳುಕನ್ನು ಚಿತ್ರ ಹಗುರವಾಗಿ ಕಾಣುವುದಿಲ್ಲ. ಆದರೆ ತೋಟದಲ್ಲಿ, ಕೂಲಿಗಳ ಮುಖಂಡನ ಮಗಳು ಸ್ವಂತ ತಂದೆಯಿಂದಲೇ ಬಸಿರಾಗಿದ್ದಾಳೆ ಎಂದು ತಿಳಿದಾಗ, ಮಾಡಲಾರೆ ಎಂದಿದ್ದ ಕೆಲಸವನ್ನು ಹೋಮರ್ ತನ್ನ ಕೈಯಾರೆ ಮಾಡುತ್ತಾನೆ. ತನ್ನನ್ನು ಹುಡುಕಿಕೊಂಡು ಹೊರಟವನಿಗೆ ತಾನು ಸಿಕ್ಕಿದ್ದು ಅಲ್ಲಿ, ಇನ್ನೊಬ್ಬಳ ಸಂಕಟದ ಎದುರಿನಲ್ಲಿ.

ಈ ವಿಷಯದಲ್ಲಿ ಚರಿತ್ರೆ ನೆಟ್ಟಗೆ ನಡೆದಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1973ರಲ್ಲಿ ಗರ್ಭಪಾತವನ್ನು ಹೆಂಗಸಿನ ಹಕ್ಕೆಂದು ಒಪ್ಪಿತು. 2022ರಲ್ಲಿ ಆ ತೀರ್ಪನ್ನು ತಾನೇ ರದ್ದುಮಾಡಿ, ಸಂಸ್ಥಾನಗಳ ಇಷ್ಟಕ್ಕೆ ಬಿಟ್ಟಿತು. ನಮ್ಮಲ್ಲಿ ಸಂಸತ್ತು 1971ರಲ್ಲಿ, ಕೆಲವು ನಿಬಂಧನೆಗಳಿಗೆ ಒಳಪಟ್ಟು, ವೈದ್ಯರಿಂದ ಗರ್ಭಪಾತಕ್ಕೆ ಅವಕಾಶ ಕೊಟ್ಟಿತು. ಅದಕ್ಕೂ ಬಹು ಮುಂಚೆ, 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆಮಾಡಿತ್ತು. ಬೇಕಾಗಿ ಹುಟ್ಟಬೇಕು, ಹುಟ್ಟಿದ್ದು ಬಾಳಬೇಕು ಎಂಬ ವಿವೇಕ ಯಾವುದೇ ಒಂದು ದೇಶದ ಸೊತ್ತಲ್ಲ.

ಇಷ್ಟೆಲ್ಲ ಬರೆದ ಅರ್ವಿಂಗರಿಗೆ ಅನಾಥರ ಮೇಲೆ ಇಷ್ಟು ಮಮತೆ ಏಕೆ? ಅವರ ಜೀವನದಲ್ಲಿ ಇದಕ್ಕೆ ಉತ್ತರವಿದೆ. ಅವರು ಹುಟ್ಟಿದ್ದು 1942ರಲ್ಲಿ. ಹೆತ್ತ ತಂದೆಯನ್ನು ಅವರು ಕಂಡದ್ದೇ ಇಲ್ಲ. ತಾಯಿ ಮರುಮದುವೆಯಾದ ಮೇಲೆ ಮಲತಂದೆಯ ಹೆಸರೇ ಅವರ ಹೆಸರಾಯಿತು. ಮಲತಂದೆಯ ತಂದೆ ಬಾಸ್ಟನ್ನಿನ ಹೆಸರಾಂತ ಹೆರಿಗೆ ವೈದ್ಯರು. ಡಾಕ್ಟರ್ ಲಾರ್ಚರ ವೈದ್ಯವಿದ್ಯೆಗೆ ಅವರ ಬರಹಗಳಿಂದ ಬಹಳಷ್ಟು ಬಂದಿದೆ. ಹೆತ್ತ ತಂದೆ ಯುದ್ಧದಲ್ಲಿ ವಿಮಾನ ನಡೆಸುತ್ತಿದ್ದರು, 1943ರಲ್ಲಿ ಬರ್ಮಾದ ಮೇಲೆ ಅವರ ವಿಮಾನವನ್ನು ಉರುಳಿಸಿದರು, ಆದರೂ ಅವರು ಬದುಕಿ ಬಂದರು ಎಂಬ ಸಂಗತಿ ಅರ್ವಿಂಗರಿಗೆ ತಿಳಿದದ್ದು 1981ರಲ್ಲಿ, ನಲವತ್ತರ ಹೊಸ್ತಿಲಲ್ಲಿ.

ನಾಲ್ಕು ವರ್ಷದ ಮೇಲೆ ಬಂದ ಕಾದಂಬರಿಯಲ್ಲಿ, ಹೋಮರನನ್ನು ಕಾರಿನಲ್ಲಿ ಕರೆದೊಯ್ದ ಆ ತರುಣ ವಾಲಿ ವಿಮಾನ ಹತ್ತುತ್ತಾನೆ, ಬರ್ಮಾದ ಮೇಲೆ ಬೀಳುತ್ತಾನೆ, ಬದುಕಿ ಮರಳುತ್ತಾನೆ. ಮಗ ತಂದೆಯನ್ನು ತನ್ನ ಪುಸ್ತಕದೊಳಕ್ಕೆ ಕರೆತಂದ ಬಗೆ ಇದು. ಇಬ್ಬರೂ ಕೊನೆಯವರೆಗೂ ಭೇಟಿಯಾಗಲಿಲ್ಲ. ಚಿತ್ರದಲ್ಲಿ ಅರ್ವಿಂಗ್ ಒಂದು ಪುಟ್ಟ ಪಾತ್ರವನ್ನು ತಾವೇ ಮಾಡಿದ್ದಾರೆ: ಆ ಹಳ್ಳಿಯ ರೈಲು ನಿಲ್ದಾಣದ ಸ್ಟೇಷನ್ ಮಾಸ್ತರ್. ಬರುವವರನ್ನೂ ಹೋಗುವವರನ್ನೂ ನೋಡುತ್ತ ನಿಲ್ಲುವುದೇ ಅವನ ಕೆಲಸ.

ಆ ನಿಲ್ದಾಣಕ್ಕೇ ಕಡೆಯಲ್ಲಿ ಹೋಮರ್ ಬಂದು ಇಳಿಯುತ್ತಾನೆ. ಡಾಕ್ಟರ್ ಲಾರ್ಚ್ ನಿದ್ರೆಗಾಗಿ ಸೇವಿಸುತ್ತಿದ್ದ ಈಥರ್ ಹೆಚ್ಚಾಗಿ ತೀರಿಕೊಂಡಿದ್ದಾರೆ. ತಮ್ಮ ಜಾಗಕ್ಕೆ ಅವನೇ ಬರಲೆಂದು ಅವನ ಹೆಸರಿನಲ್ಲಿ ಸುಳ್ಳು ಪದವಿಪತ್ರವನ್ನೂ ಮಾಡಿಟ್ಟಿದ್ದಾರೆ. ಕಾದಂಬರಿಯಲ್ಲಿ ಹೋಮರ್ ಮರಳಲು ಹದಿನೈದು ವರ್ಷ ಬೇಕಾಗುತ್ತದೆ. ಚಿತ್ರದಲ್ಲಿ ಒಂದೆರಡು ಸುಗ್ಗಿ ಸಾಕು. ಕಾರಿನಲ್ಲಿ ಹೋದವನು ರೈಲಿನಲ್ಲಿ ಬರುತ್ತಾನೆ, ಹಿಮದ ನಡುವೆ ನಡೆದುಕೊಂಡು. ಮುಕ್ಕಾಲು ಶತಮಾನ ಅನಾಥರನ್ನು ಹೊತ್ತು ದೂರ ಸಾಗಿಸಿದ ರೈಲು, ಈ ಒಬ್ಬ ಅನಾಥನನ್ನು ಅವನ ಇಷ್ಟದಂತೆ ಮನೆಗೆ ತಂದು ಇಳಿಸುತ್ತದೆ. ಅನಾಥಾಲಯವೇ ಅವನ ಮನೆಯೆಂದು ಯಾವ ಕಾನೂನೂ ಹೇಳಿರಲಿಲ್ಲ. ಹೊರಟು ಹೋಗಿ ನೋಡಿದವನಾದ್ದರಿಂದ ಆ ಮಾತನ್ನು ಅವನೇ ಹೇಳಬಲ್ಲವನಾದ. ಆ ರಾತ್ರಿ ಮಕ್ಕಳಿಗೆ ಕಥೆ ಓದಿ, ದೀಪ ಆರಿಸುವವನು ಅವನು.

ಚಿತ್ರ ಮುಗಿದ ಮೇಲೆ ಗೆಳೆಯರು ಕಾಫಿ ತಂದರು. ನನಗೆ ಮಾತು ಬೇಡವಾಗಿತ್ತು. ಬೆಂಗಳೂರಿಗೆ ‘ಹೊರಟ’ ನಮ್ಮ ತಂದೆ ಗುಮಾಸ್ತರಾಗಿ, ತಾಯಿಯನ್ನು ಕರೆಸಿಕೊಂಡು, ಸಂಸಾರ ಹೂಡಿದರು. ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಗೆ ಯಾರೋ ಒಬ್ಬ ಹುಡುಗ ವಾರಕ್ಕೊಂದು ದಿನ ಊಟಕ್ಕೆ ಬರುತ್ತಿದ್ದ. ಅವನ ಓದು ಮುಗಿದರೆ ಇನ್ನೊಬ್ಬ. ನಮ್ಮ ತಂದೆ ಅವನನ್ನು ತಮ್ಮ ಪಕ್ಕದಲ್ಲಿಯೇ ಎಲೆಗೆ ಕೂರಿಸಿಕೊಳ್ಳುತ್ತಿದ್ದರು. ತುಪ್ಪವನ್ನು ತಾವೇ ಬಡಿಸುತ್ತಿದ್ದರು. ವರ್ಗವಾಗುವ ಕೆಲಸ ಬೇಡವೆಂದು ಅವರು ಬಡ್ತಿಯೊಂದನ್ನು ಬಿಟ್ಟರೆಂದು ನಮ್ಮ ತಾಯಿ ಆಗಾಗ ಗೊಣಗುತ್ತಿದ್ದರು. ನನಗೆ ಆಗ ಯಾವುದೂ ಅರ್ಥವಾಗಿರಲಿಲ್ಲ.

ಆ ಹುಡುಗರು ಬರುತ್ತಿದ್ದುದು ಗುರುವಾರ.